ಹಂಗಿನ ಅರಮನೆ: ‘ಘಾಚರ್ ಘೋಚರ್’ ಓದುತ್ತ ಶ್ರೀಮಂತಿಕೆಯ ಬಗ್ಗೆ

ಹತ್ತನೇ ತರಗತಿ ಮಕ್ಕಳಿಗೆ ‘ಹಣದಿಂದ ಸುಖ ಸಿಗುತ್ತದೆಯೇ?’ ಅಂತ ಪ್ರಬಂಧ ಬರೆಯಲು ಕೊಟ್ಟು ನೋಡಿ. ಇಡೀ ಕ್ಲಾಸು ‘ಇಲ್ಲ’ ಅಂತಲೇ ಬರೆಯುತ್ತದೆ. ಹಾಸಿಗೆ ಕೊಳ್ಳಬಹುದು, ನಿದ್ದೆ ಕೊಳ್ಳಲಾಗದು ಅನ್ನುವ ಮಾತು ಹೆಚ್ಚುಕಮ್ಮಿ ಎಲ್ಲ ಪೇಪರಿನಲ್ಲೂ ಇರುತ್ತದೆ. ಸಂಜೆ ಬೆಲ್ ಹೊಡೆದ ಮೇಲೆ ಅದೇ ಮಕ್ಕಳು ಗೇಟಿನ ಹತ್ತಿರ ನಿಂತು ಯಾರ ಅಪ್ಪ ಯಾವ ಕಾರಿನಲ್ಲಿ ಬಂದರು ಅಂತ ನೋಡುತ್ತಾರೆ. ಮಕ್ಕಳದೇನೂ ತಪ್ಪಿಲ್ಲ. ಬರೆಯಬೇಕಾದ ಉತ್ತರ ಬೇರೆ, ಬದುಕುವ ಉತ್ತರ ಬೇರೆ ಅಂತ ಕಲಿಸಿದವರು ನಾವೇ.

ನಾನು ಕಲಬುರಗಿ ಕಡೆಯವಳು. ಬಿ.ಎಡ್. ಮುಗಿಸಿ, ಮದುವೆಯಾಗಿ ಹೈದರಾಬಾದಿನ ಕೊಂಡಾಪುರಕ್ಕೆ ಬಂದೆ. ಶಾಲೆಯಲ್ಲಿ ಉರ್ದು ಕಲಿಸುತ್ತೇನೆ, ಮನೆಗೆ ಬಂದು ಕನ್ನಡ ಓದುತ್ತೇನೆ. 1998ರಲ್ಲಿ ಪಕ್ಕದಲ್ಲೇ ಸೈಬರ್ ಟವರ್ಸ್ ಶುರುವಾದ ಮೇಲೆ ಇಲ್ಲಿಗೆ ಹಣ ಹೇಗೆ ಹರಿದು ಬಂತು ಅಂತ ಹಳಬರು ಇನ್ನೂ ಹೇಳುತ್ತಿರುತ್ತಾರೆ. ಆದರೆ ಹಣ ಬಂದಾಗ ಮನೆಯೊಳಗೆ ಏನಾಗುತ್ತದೆ ಅಂತ ನನಗೆ ತೋರಿಸಿಕೊಟ್ಟದ್ದು ಬೆಂಗಳೂರಿನ ಒಂದು ಕುಟುಂಬದ ಕಥೆ: ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದ ಈ ಕಿರುಕಾದಂಬರಿ, ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳಲ್ಲೂ ಓದುಗರನ್ನು ಪಡೆದಿದೆ.

ಕಥೆ ಇಷ್ಟೇ. ಸೇಲ್ಸ್‌ಮನ್ ಆಗಿದ್ದ ಅಪ್ಪನ ಸಂಬಳದಲ್ಲಿ ಪುಟ್ಟ ಮನೆಯೊಂದು ನಡೆಯುತ್ತಿರುತ್ತದೆ. ಅಪ್ಪನ ಕೆಲಸ ಹೋಗುತ್ತದೆ. ಆಗ ಸಿಕ್ಕ ಹಣ ಚಿಕ್ಕಪ್ಪನ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ. ‘ಸೋನಾ ಮಸಾಲಾ’ ಕಂಪನಿ ಬೆಳೆಯುತ್ತದೆ, ಮನೆಯವರು ದೊಡ್ಡ ಮನೆಗೆ ಹೋಗುತ್ತಾರೆ. ಕಥೆ ಹೇಳುವ ಮಗನಿಗೆ ಕಂಪನಿಯಲ್ಲಿ ಹುದ್ದೆಯಿದೆ, ತಿಂಗಳಾದರೆ ಸಂಬಳವಿದೆ, ಕೆಲಸ ಮಾತ್ರ ಇಲ್ಲ. ದಿನಾ ಕಾಫಿ ಹೌಸಿಗೆ ಹೋಗಿ ಕೂರುತ್ತಾನೆ. ಅವನನ್ನು ಮದುವೆಯಾಗಿ ಬಂದ ಅನಿತಾ ನಮ್ಮ ಹೈದರಾಬಾದಿನ ಕಡೆಯ ಹುಡುಗಿ. ಗಂಡ ದುಡಿಯುತ್ತಿಲ್ಲ ಅಂತ ಗೊತ್ತಾದಾಗ ಅವಳು ಸುಮ್ಮನಿರುವುದಿಲ್ಲ. ಬಿಡಿಸಲಾಗದ ಗೋಜಲಿಗೆ ಅವಳ ತವರಿನಲ್ಲಿ ಮಕ್ಕಳು ಹುಟ್ಟಿಸಿಕೊಂಡ ಪದವೇ ‘ಘಾಚರ್ ಘೋಚರ್’.

ಇದನ್ನು ಓದಿದ ಬಹಳ ಜನ, ‘ಬಡವರಾಗಿದ್ದಾಗ ಸುಖವಾಗಿದ್ದರು, ಹಣ ಬಂತು, ಕೆಟ್ಟರು’ ಅನ್ನುತ್ತಾರೆ. ಈ ಓದನ್ನು ನಾನು ಒಪ್ಪುವುದಿಲ್ಲ. ಹಳೇ ಮನೆಯಲ್ಲಿ ಇರುವೆ ಕಾಟ ಇತ್ತು, ಇಕ್ಕಟ್ಟು ಇತ್ತು, ಪೈಸೆ ಪೈಸೆಗೂ ಲೆಕ್ಕ ಇತ್ತು. ಬಡತನವನ್ನು ಕಂಡವರು ಯಾರೂ ಅದನ್ನು ಸುಖ ಅನ್ನುವುದಿಲ್ಲ. ಮಗುವಿಗೆ ನಡುರಾತ್ರಿ ಜ್ವರ ಬಂದಾಗ, ಫೀಸಿನ ಕೊನೇ ದಿನ ಬಂದಾಗ ಕೈಯಲ್ಲಿ ದುಡ್ಡಿದ್ದರೆ ಅದು ಸುಖವೇ. ಇಲ್ಲ ಅಂತ ಮಕ್ಕಳಿಗೆ ಸುಳ್ಳು ಹೇಳಬಾರದು.

ಹಾಗಾದರೆ ಆ ಮನೆ ಕಳೆದುಕೊಂಡದ್ದೇನು? ನನ್ನ ಪ್ರಕಾರ, ಲೆಕ್ಕದ ಪುಸ್ತಕ. ಹಳೇ ಮನೆಯಲ್ಲಿ ಅಪ್ಪನ ದಿನದ ಲೆಕ್ಕ ತಾಳೆಯಾಗದೆ ಹೋದಾಗ ಎಲ್ಲರೂ ಸುತ್ತ ಕೂತು ಹುಡುಕುತ್ತಾರೆ. ಎಷ್ಟು ಬಂತು, ಎಷ್ಟು ಹೋಯಿತು ಅಂತ ಮನೆಗೆಲ್ಲ ಗೊತ್ತು. ಗೊತ್ತಿದ್ದವರಿಗೆ ಮಾತಾಡುವ ಹಕ್ಕೂ ಇತ್ತು. ಹೊಸ ಮನೆಯಲ್ಲಿ ಎಷ್ಟು ಬರುತ್ತಿದೆ ಅಂತ ಯಾರೂ ಕೇಳುವುದಿಲ್ಲ. ಚಿಕ್ಕಪ್ಪನ ಊಟ, ಚಿಕ್ಕಪ್ಪನ ನಿದ್ದೆ, ಚಿಕ್ಕಪ್ಪನ ಮರ್ಜಿ, ಇವೇ ಮನೆಯ ಗಡಿಯಾರ. ‘ದುಡ್ಡೇ ದೊಡ್ಡಪ್ಪ’ ಅನ್ನುತ್ತದೆ ನಮ್ಮ ಗಾದೆ. ಶಾನಭಾಗರಲ್ಲಿ ದುಡ್ಡು ಚಿಕ್ಕಪ್ಪ. ದೊಡ್ಡಪ್ಪನಾದರೆ ದೂರದಲ್ಲಿ ಕೂತು ಗದರಿಸುತ್ತಾನೆ. ಚಿಕ್ಕಪ್ಪ ನಮ್ಮ ಜೊತೆಗೇ ಉಣ್ಣುತ್ತಾನೆ. ಅದಕ್ಕೇ ಅವನ ಹಂಗು ಕಣ್ಣಿಗೆ ಕಾಣುವುದಿಲ್ಲ.

ಈ ಹಂಗಿನ ಬೆಲೆ ಒಂದು ದೃಶ್ಯದಲ್ಲಿ ತಿಳಿಯುತ್ತದೆ. ಚಿಕ್ಕಪ್ಪನಿಗೆ ಇಷ್ಟವಾದ ಅಡುಗೆ ಮಾಡಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬಯ್ದು ಓಡಿಸುತ್ತಾರೆ. ಚಿಕ್ಕಪ್ಪ ಒಳಗಿದ್ದೂ ಹೊರಗೆ ಬರುವುದಿಲ್ಲ. ಮಗನೂ ಬಾಯಿ ಬಿಡುವುದಿಲ್ಲ. ಅವನು ಕೆಟ್ಟವನಲ್ಲ, ಅಷ್ಟರಲ್ಲಾಗಲೇ ಕೊಳ್ಳಲ್ಪಟ್ಟವನು.

ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟೆ. ಯಾಕಂದರೆ ನನ್ನ ತಮ್ಮ ದಮ್ಮಾಮ್‌ನಲ್ಲಿದ್ದಾನೆ. ಅವನ ಹಣ ಬರಲು ಶುರುವಾದ ಮೇಲೆ ಅವನ ಮಾತಿಗೆ ಅಮ್ಮಿ ಎದುರಾಡಿದ್ದು ನನಗೆ ನೆನಪಿಲ್ಲ. ‘ತಂಗಿಗೆ ಡಿಗ್ರಿ ಸಾಕು, ಬಿಡಿಸಿ’ ಅಂತ ಅವನು ಫೋನಿನಲ್ಲಿ ಹೇಳಿದ ದಿನ ನಾನೂ ಅಲ್ಲೇ ಇದ್ದೆ. ನಾನು ಟೀಚರು. ನಾನು ಮಾತಾಡಬೇಕಿತ್ತು. ಆದರೆ ನಮ್ಮ ಫ್ಲಾಟಿನ ಅಡ್ವಾನ್ಸಿಗೆ ಅವನಿಂದ 2 ಲಕ್ಷ ತಗೊಂಡಿದ್ದೆ. ‘ಹೂಂ’ ಅಂದೆ. ಅವನು ಒಳ್ಳೆಯ ಹುಡುಗ, ಆ ದುಡ್ಡನ್ನು ಒಮ್ಮೆಯೂ ಎತ್ತಿ ಆಡಿದವನಲ್ಲ. ಹಂಗು ಅಂದರೆ ಇದೇ, ಕೊಟ್ಟವನು ಕೇಳದಿದ್ದರೂ ತಗೊಂಡವಳ ಗಂಟಲು ಕಟ್ಟುತ್ತದೆ.

ಉರ್ದುವಿನಲ್ಲಿ ಎರಡು ಪದಗಳಿವೆ. ಒಂದು ‘ದೌಲತ್’. ಅದರ ಅರಬಿ ಧಾತುವಿಗೆ ತಿರುಗುವುದು, ಸರದಿಯಂತೆ ಕೈ ಬದಲಿಸುವುದು ಅಂತ ಅರ್ಥ. ಸಂಪತ್ತು ಉಳ್ಳವರ ನಡುವೆಯೇ ಸುತ್ತುತ್ತಿರಬಾರದು ಎಂದು ಕುರ್‌ಆನಿನ ಅಲ್-ಹಶ್ರ್ ಅಧ್ಯಾಯ (59:7) ಹೇಳುವಲ್ಲಿ ಇದೇ ಧಾತುವಿನ ಪದವಿದೆ. ಇನ್ನೊಂದು ‘ಗನಿ’: ಯಾರ ಹಂಗೂ ಇಲ್ಲದವನು. ಅಲ್ಲಾಹನ ಹೆಸರುಗಳಲ್ಲಿ ಅದೂ ಒಂದು. ನಾವು ಎರಡನ್ನೂ ‘ಶ್ರೀಮಂತಿಕೆ’ ಅಂತ ಒಂದೇ ಮಾಡಿಬಿಟ್ಟಿದ್ದೇವೆ. ಸೋನಾ ಮಸಾಲಾದ ಮನೆಯಲ್ಲಿ ದೌಲತ್ ಇದೆ, ಒಬ್ಬ ಗನಿಯೂ ಇಲ್ಲ. ಚಿಕ್ಕಪ್ಪನೂ ಅಲ್ಲ, ಅವನೂ ಮನೆಯವರ ಆರೈಕೆಯ ಕೈದಿ. ಗನಿಯ ಹತ್ತಿರ ಬರುವವಳು ಅನಿತಾ ಒಬ್ಬಳೇ, ಯಾಕಂದರೆ ಅವಳು ಪ್ರಶ್ನೆ ಕೇಳುತ್ತಾಳೆ.

ಕಾದಂಬರಿಯ ಬಗ್ಗೆ ನನಗೊಂದು ತಕರಾರೂ ಇದೆ. ಮಸಾಲೆ ಪುಡಿಮಾಡಿ, ಪ್ಯಾಕು ಮಾಡುವವರ ಮನೆಗಳು ಇಲ್ಲಿ ಕಾಣುವುದೇ ಇಲ್ಲ. ನಿರೂಪಕನೇ ಅತ್ತ ನೋಡದವನು, ನಿಜ. ಆದರೂ ಒಂದು ಮನೆಯ ದೌಲತ್ತು ಎಷ್ಟು ಮನೆಗಳ ಬೆವರಿನಿಂದ ಬಂತು ಅನ್ನುವ ಲೆಕ್ಕ ಬಿಟ್ಟರೆ, ಸಂಪತ್ತಿನ ಕಥೆ ಬರೀ ಮನೆಯೊಳಗಿನ ನೈತಿಕತೆಯ ಕಥೆಯಾಗುತ್ತದೆ. ಅನಿತಾಳನ್ನೂ ನಾವು ಅವನ ಅಂಜುಬುರುಕ ಕಣ್ಣಿನಿಂದಲೇ ನೋಡಬೇಕು. ಅವಳ ಮಾತು ಇನ್ನೂ ಬೇಕಿತ್ತು.

ಜಕಾತ್ ಬಗ್ಗೆ ಮಾತಾಡುವಾಗ ನಾವು ಶೇ. 2.5 ಎಂಬ ಅಂಕಿಯನ್ನಷ್ಟೇ ನೆನಪಿಡುತ್ತೇವೆ. ಆದರೆ ಕೊಡುವ ಮುಂಚೆ ಲೆಕ್ಕ ಹಾಕಬೇಕು, ಲೆಕ್ಕ ಹಾಕಲು ಪುಸ್ತಕ ತೆರೆಯಬೇಕು. ಚಿನ್ನ ಎಷ್ಟು, ಉಳಿತಾಯ ಎಷ್ಟು, ಸಾಲ ಎಷ್ಟು? ವರ್ಷಕ್ಕೊಮ್ಮೆ ಮನೆಯ ಎಲ್ಲರ ಎದುರಿಗೆ ಆ ಪುಸ್ತಕ ತೆರೆದರೆ, ಶಾನಭಾಗರ ಮನೆಯಲ್ಲಿ ಕಳೆದುಹೋದದ್ದು ನಮ್ಮ ಮನೆಗಳಲ್ಲಿ ಸ್ವಲ್ಪವಾದರೂ ಉಳಿದೀತು.

ಈ ಸಲ ರಂಜಾನಿಗೆ ತವರಿಗೆ ಹೋದಾಗ ಹಾಗೇ ಮಾಡಿದೆ. ತಂಗಿಯನ್ನು ಪಕ್ಕ ಕೂರಿಸಿಕೊಂಡು, ತಮ್ಮನಿಗೆ ಕೊಡಬೇಕಾದ 2 ಲಕ್ಷವನ್ನೂ ಬರೆದೆ. ಅವಳು ಆ ಸಾಲನ್ನು ಎರಡು ಸಲ ಓದಿದಳು. ‘ಆಪಾ, ಅವತ್ತು ನೀನು ಸುಮ್ಮನಿದ್ದದ್ದು ಇದಕ್ಕೇನಾ?’ ಅಂದಳು. ಹೌದು ಅಂದೆ. ಈಗ ತಿಂಗಳಿಗೆ ಇಷ್ಟಿಷ್ಟು ಅಂತ ತೀರಿಸುತ್ತಿದ್ದೇನೆ. ಅವಳ ಎಂ.ಎ. ಅರ್ಜಿಯ ಮಾತನ್ನು ತಮ್ಮನ ಹತ್ತಿರ ಎತ್ತಿದ್ದೂ ಆಯಿತು. ಅವನು ಇನ್ನೂ ಒಪ್ಪಿಲ್ಲ. ಆದರೆ ಈ ಸಲ ನಾನು ‘ಹೂಂ’ ಅಂದಿಲ್ಲ.