ಇಲಿಬೋನಿನ ವಾದ ಮತ್ತು ಪ್ಲೇಗಿನ ಸೂಜಿ

ವಿಕಾಸವಾದವನ್ನು ಖಂಡಿಸುವ ಪುಸ್ತಕಗಳಲ್ಲಿ ಬ್ಯಾಕ್ಟೀರಿಯಾದ ಬಾಲ ಮತ್ತೆ ಮತ್ತೆ ಸಾಕ್ಷಿಯಾಗಿ ಬರುತ್ತದೆ. ಈ ಬಾಲದ ಬುಡದಲ್ಲಿ ಒಂದು ಮೋಟಾರಿದೆ. ಇಪ್ಪತ್ತಕ್ಕೂ ಹೆಚ್ಚು ಬಗೆಯ ಪ್ರೊಟೀನುಗಳು ಸೇರಿ ಆದ ಈ ಯಂತ್ರ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅಮೆರಿಕದ ಮೈಕೆಲ್ ಬೀಹಿ 1996ರಲ್ಲಿ ಬರೆದ ‘ಡಾರ್ವಿನ್ಸ್ ಬ್ಲ್ಯಾಕ್ ಬಾಕ್ಸ್’ ಕೃತಿಯಲ್ಲಿ ಇಲಿಬೋನಿನ ಉದಾಹರಣೆ ಕೊಟ್ಟರು. ಒಂದು ಭಾಗ ತೆಗೆದರೂ ಬೋನು ಇಲಿಯನ್ನು ಹಿಡಿಯದು. ಬಾಲವೂ ಹಾಗೆಯೇ, ಆದ್ದರಿಂದ ಅದು ಹಂತ ಹಂತವಾಗಿ ರೂಪುಗೊಂಡಿರಲಾರದು ಎಂಬುದು ಅವರ ವಾದ. ಟರ್ಕಿಯಿಂದ ಹಾರೂನ್ ಯಹ್ಯಾ ಎಂಬ ಹೆಸರಿನಲ್ಲಿ ಬಂದ ಪುಸ್ತಕಗಳು ಇದನ್ನು ಮುಸ್ಲಿಮ್ ಓದುಗರಿಗೂ ತಲುಪಿಸಿದವು. ಸೃಷ್ಟಿಕರ್ತನಿಗೆ ವಿಜ್ಞಾನದ ಪುರಾವೆ ಸಿಕ್ಕಿತೆಂದು ಹಲವರು ಹಿಗ್ಗಿದರು.

ಈ ವಾದದ ಸತ್ವ ಎಷ್ಟೆಂದು ನೋಡಲು ನಾವು ದೂರ ಹೋಗಬೇಕಿಲ್ಲ. ನಂಗಲಿಯಿಂದ ಮುಂದೆ ಆಂಧ್ರದ ಚಿತ್ತೂರು ಜಿಲ್ಲೆ. ಕೋಲಾರ, ಚಿತ್ತೂರು ಮತ್ತು ತಮಿಳುನಾಡಿನ ಗಡಿಗಳು ಕೂಡುವ ಈ ಸೀಮೆ ಪ್ಲೇಗ್ ತಜ್ಞರಿಗೆ ಚಿರಪರಿಚಿತ. 1966ರಲ್ಲಿ ಮುಳಬಾಗಿಲಿನಿಂದ ವರದಿಯಾದ ಪ್ರಕರಣದ ನಂತರ, 1994ರ ವರೆಗೆ ದೇಶದಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ಪ್ಲೇಗ್ ಇರಲಿಲ್ಲ.

ಇಲಿಯಿಂದ ಚಿಗಟಕ್ಕೆ, ಚಿಗಟದಿಂದ ಮನುಷ್ಯನಿಗೆ ದಾಟುವ ಈ ರೋಗಾಣುವಿನ ಬಳಿ ಸೂಜಿಯಂಥ ಒಂದು ಯಂತ್ರವಿದೆ. ನಮ್ಮ ರಕ್ಷಣಾ ಕಣಗಳಿಗೆ ಅದು ವಿಷದ ಪ್ರೊಟೀನುಗಳನ್ನು ಚುಚ್ಚಿ ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಈ ಸೂಜಿಯ ಬುಡದ ಪ್ರೊಟೀನುಗಳು ಬಾಲದ ಬುಡದ ಪ್ರೊಟೀನುಗಳ ನೆಂಟರು. ತಿರುಗುವ ಮೋಟಾರಿಲ್ಲ, ಈಜುವ ಬಾಲವಿಲ್ಲ, ಆದರೂ ಯಂತ್ರ ಕೆಲಸ ಮಾಡುತ್ತದೆ. ಇನ್ನೊಂದು ಸಂಗತಿಯೂ ಇದೆ. ಪ್ಲೇಗ್ ರೋಗಾಣುವಿನಲ್ಲಿ ಬಾಲದ ಜೀನುಗಳು ಇನ್ನೂ ಉಳಿದಿವೆ, ಆದರೆ ಮುಖ್ಯವಾದ ಜೀನೊಂದು ಕೆಟ್ಟಿರುವುದರಿಂದ ಅದು ಈಜಲಾರದು. ಅದರ ಹತ್ತಿರದ ಸಂಬಂಧಿ ಯೆರ್ಸಿನಿಯಾ ಸ್ಯೂಡೋಟ್ಯೂಬರ್ಕ್ಯುಲೋಸಿಸ್ ಇಂದಿಗೂ ಈಜುತ್ತದೆ. ಕೆಟ್ಟುಹೋದ ಈ ಜೀನು ಒಂದು ಚರಿತ್ರೆಯ ಗುರುತಲ್ಲವೇ?

ಬೀಹಿಯ ಪರ ವಹಿಸುವವರದೊಂದು ಆಕ್ಷೇಪ ನ್ಯಾಯವಾದದ್ದೇ. ಸೂಜಿ ಬಾಲದ ಪೂರ್ವಜವಲ್ಲ, ಬಾಲದಿಂದಲೇ ಕೆಲವು ಭಾಗಗಳು ಕಳಚಿ ಸೂಜಿಯಾಯಿತು ಎಂದು 2012ರ ಒಂದು ಅಧ್ಯಯನ ತೋರಿಸಿತು. ಆದರೆ ಇದರಿಂದಲೂ ಇಲಿಬೋನಿನ ವಾದ ಉಳಿಯುವುದಿಲ್ಲ. ಭಾಗ ಕಳಚಿದ ಬೋನು ಇಲ್ಲಿ ಬೇರೊಂದು ಉಪಕರಣವಾಗಿ ಬಾಳಿದೆ. ಬಾಲದ ಇತರ ಭಾಗಗಳಿಗೂ ಬೇರೆಡೆ ನೆಂಟರಿದ್ದಾರೆ. ಕಣಗಳಲ್ಲಿ ಎಟಿಪಿ ತಯಾರಿಸುವ ಕಿಣ್ವ ಅವುಗಳಲ್ಲೊಂದು. ಹಂತಗಳ ಪೂರ್ಣ ಕಥೆ ಇನ್ನೂ ಬರೆದಾಗಿಲ್ಲ ಎಂಬುದು ನಿಜ. ಆದರೆ ಬರೆದಾಗಿಲ್ಲ ಎಂಬುದು ಬರೆಯಲಾಗದು ಎಂಬುದಕ್ಕೆ ಸಮವಲ್ಲ. 2005ರಲ್ಲಿ ಅಮೆರಿಕದ ಡೋವರ್ ಶಾಲಾ ಮೊಕದ್ದಮೆಯಲ್ಲಿ ಬೀಹಿ ಸ್ವತಃ ಸಾಕ್ಷಿ ಹೇಳಿದರೂ, ಈ ವಾದ ವಿಜ್ಞಾನವಲ್ಲವೆಂದೇ ನ್ಯಾಯಾಲಯ ತೀರ್ಪಿತ್ತಿತು.

ಈ ವಾದ ವಿಜ್ಞಾನಕ್ಕಿಂತ ವಿಶ್ವಾಸಕ್ಕೇ ಹೆಚ್ಚು ಹಾನಿ ಮಾಡುತ್ತದೆಂಬುದು ನಮ್ಮ ಆತಂಕ. ವಿಜ್ಞಾನಿಗೆ ತಿಳಿಯದ ಕಡೆಯಲ್ಲಷ್ಟೇ ಅಲ್ಲಾಹನ ಕೈವಾಡ ಕಾಣುವವನ ಈಮಾನ್ ಪ್ರತಿ ಹೊಸ ಸಂಶೋಧನೆಯೊಂದಿಗೆ ಕುಗ್ಗುತ್ತಾ ಹೋಗುತ್ತದೆ. ಮುಳಬಾಗಿಲಿನ ಕಾಲೇಜಿನಲ್ಲಿ ಜೀವಶಾಸ್ತ್ರ ಓದುವ ಹುಡುಗಿಯ ಮುಂದೆ ಪಾಠ ಅಥವಾ ಪ್ರಾರ್ಥನೆ, ಎರಡರಲ್ಲೊಂದನ್ನು ಆರಿಸಿಕೋ ಎಂಬ ಇಕ್ಕಟ್ಟನ್ನು ನಾವೇಕೆ ಒಡ್ಡಬೇಕು? ಪವಿತ್ರ ಕುರ್‌ಆನ್ ಮಳೆಯನ್ನೂ ದೇವನ ದೃಷ್ಟಾಂತವೆಂದು ಕರೆಯುತ್ತದೆ. ಆವಿ, ಮೋಡ, ಗಾಳಿಯ ಲೆಕ್ಕವೆಲ್ಲ ತಿಳಿದ ಮೇಲೂ ಈ ಬರದ ಸೀಮೆಯ ರೈತ ಮಳೆಗಾಗಿ ಕೈಯೆತ್ತುತ್ತಾನೆ. ಹವಾಮಾನ ಶಾಸ್ತ್ರದಿಂದ ಅವನ ದುಆ ಸುಳ್ಳಾಗಿಲ್ಲ. ಬ್ಯಾಕ್ಟೀರಿಯಾದ ಬಾಲವನ್ನೂ ನಾವು ಅದೇ ನೆಮ್ಮದಿಯಿಂದ ಅಭ್ಯಸಿಸಬಹುದು.