ಹಂಪಿ ತೋರಿಸುವವರು

ಹಂಪಿಯ ಪ್ರವಾಸ ಲೇಖನ ಬರೆಯೋರಿಗೆ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ಬೇಕೇ ಬೇಕು. 1520ರ ಸುಮಾರಿಗೆ ಅವನು ಬಜಾರಿನಲ್ಲಿ ಕಂಡ ವಜ್ರ, ಮುತ್ತುಗಳನ್ನು ಬರೆದದ್ದೇ ಬರೆದದ್ದು. ಅದೇ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯಲ್ಲಿ 15-20 ಸಾವಿರ ಆಳುಗಳು ಇರುವೆಗಳ ಹಾಗೆ ದುಡಿಯುವುದನ್ನೂ ಕಂಡಿದ್ದ. ಕೆರೆ ಎರಡು ಮೂರು ಸಲ ಒಡೆಯಿತು, ಬ್ರಾಹ್ಮಣರು ದೇವರ ಹೆಸರಲ್ಲಿ ಬಲಿ ಕೇಳಿದರು, ರಾಯ 60 ಮಂದಿಯ ತಲೆ ಕಡಿಸಿದ ಅಂತಲೂ ಬರೆದಿಟ್ಟಿದ್ದಾನೆ. ಆ ಪುಟ ಬಂದಾಗ ಮಾತ್ರ ನಮ್ಮ ಲೇಖಕರ ಕಣ್ಣಿಗೆ ಪೊರೆ. ನಿಜವೋ ಸುಳ್ಳೋ ಚರ್ಚೆಯಾಗಲಿ. ವಜ್ರದ ಮಾತು ನಂಬಿ ನೆತ್ತರಿನ ಮಾತು ನುಂಗೋದು ಯಾವ ನ್ಯಾಯ ಸ್ವಾಮಿ? ಇವರಿಗೆ ಕಲ್ಲು ಬೇಕು, ಜನ ಬೇಡ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಸಂಸಾರಗಳನ್ನು ಬುಲ್ಡೋಜರ್ ತಂದು ಎಬ್ಬಿಸಿದರು. ಈಗ ಅಲ್ಲಿ ಫೋಟೋ ಚೆನ್ನಾಗಿ ಬರುತ್ತಂತೆ.