ಬಡತನ, ಹೆಚ್.ಐ.ವಿ. ಮತ್ತು ಕುಟುಂಬೋನ್ನತಿ: ಫಲವಿಚಾರಣೆಯ ಕ್ರಮ

ಬೆಂಗಳೂರಿನ ಉತ್ತರ ಭಾಗದಲ್ಲಿ ಯಶವಂತಪುರದ ಮಂಡಿ, ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆ, ಹೆಬ್ಬಾಳ ಯಲಹಂಕಗಳ ಕಟ್ಟಡದ ಕೆಲಸ, ಇವುಗಳನ್ನೇ ನೆಚ್ಚಿದ ಬಡ ಕುಟುಂಬಗಳು ಅನೇಕವಾಗಿವೆ. ಇಂಥ ಮನೆಯನ್ನು ಹೆಚ್.ಐ.ವಿ. ಸೋಂಕು ಹೊಕ್ಕರೆ ಮೊದಲು ಕೂಲಿಯೂ ಆಮೇಲೆ ಒಡವೆಯೂ ಕೊನೆಗೆ ಮಕ್ಕಳ ಓದೂ ಹೋಗುವುದುಂಟು. ಆದಕಾರಣ ಔಷಧದೊಡನೆ ಸ್ವಸಹಾಯ ಸಂಘ, ಸಣ್ಣ ಸಾಲ, ಹೊಲಿಗೆಯ ಶಿಕ್ಷಣ ಮುಂತಾದುವನ್ನು ಒದಗಿಸುವ ಕಾರ್ಯಕ್ರಮಗಳು ಅವಶ್ಯಕವೆಂಬುದು ನಿರ್ವಿವಾದ. ಅವುಗಳ ಫಲವನ್ನು ಅಳೆಯುವ ಕ್ರಮವು ಮಾತ್ರ ವಿಚಾರಾರ್ಹವಾಗಿದೆ.

ಇಷ್ಟು ಸಭೆಗಳು, ಇಷ್ಟು ಯಂತ್ರಗಳು, ಇಷ್ಟು ಮಂದಿ ಫಲಾನುಭವಿಗಳು ಎಂಬುದು ಕೊಟ್ಟುದರ ಲೆಕ್ಕವೇ ಹೊರತು ಫಲದ ಲೆಕ್ಕವಲ್ಲ. ಹೊಲಿಗೆ ಯಂತ್ರವನ್ನು ಪಡೆದವಳು ಆರೇ ತಿಂಗಳಲ್ಲಿ ಅದನ್ನು ಗಿರವಿಯಿಟ್ಟರೂ ಪಟ್ಟಿಯಲ್ಲಿ ಫಲಾನುಭವಿಯಾಗಿಯೇ ಉಳಿಯುವಳು.

ಎರಡನೆಯ ದೋಷವು ಇದಕ್ಕಿಂತ ಸೂಕ್ಷ್ಮವಾದುದು. 2004ನೆಯ ಏಪ್ರಿಲ್ 1ರಿಂದ ಸರ್ಕಾರವು ಎ.ಆರ್.ಟಿ. ಔಷಧವನ್ನು ಉಚಿತವಾಗಿ ಕೊಡಲಾರಂಭಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯು ಮೊದಲ ಕೇಂದ್ರಗಳಲ್ಲೊಂದು. 2017ರಿಂದ ರೋಗದ ಹಂತವನ್ನು ನೋಡದೆ ಸೋಂಕಿತರೆಲ್ಲರಿಗೂ ಅದು ದೊರೆಯತಕ್ಕದ್ದೆಂದಾಯಿತು. ಹಾಸಿಗೆ ಹಿಡಿದಿದ್ದವರು ಎದ್ದು ದುಡಿಮೆಗೆ ಹೋದರು. ಈ ಚೇತರಿಕೆಯಲ್ಲಿ ಮಾತ್ರೆಯ ಪಾಲೆಷ್ಟು, ಸಂಘದ ಪಾಲೆಷ್ಟು ಎಂಬುದನ್ನು, ಔಷಧವೊಂದನ್ನೇ ಪಡೆದ ಕುಟುಂಬಗಳೊಡನೆ ಹೋಲಿಸಿದಲ್ಲದೆ ನಿರ್ಣಯಿಸಲಾಗದು.

ಮೂರನೆಯದಾಗಿ, ಬಾಡಿಗೆ ಏರಿ, ಕೆಲಸ ತಪ್ಪಿ ಬೇರೆಡೆಗೆ ಹೋದವರನ್ನು ಪಟ್ಟಿಯಿಂದ ತೆಗೆದುಹಾಕಿ, ಉಳಿದವರಿಂದಲೇ ಸಾಫಲ್ಯವನ್ನು ಸಾಧಿಸುವುದುಂಟು. ದಡ ಸೇರಿದವರನ್ನು ಮಾತ್ರ ಎಣಿಸಿ ದೋಣಿಯನ್ನು ಹೊಗಳಿದಂತಾಯಿತು. ಹೋದವರೇ ಹೆಚ್ಚು ಕಷ್ಟಕ್ಕೊಳಗಾದವರಾಗಿರಬಹುದಲ್ಲವೆ?

ಇವೆಲ್ಲಕ್ಕೂ ಮಿಗಿಲಾದುದು ಗುಟ್ಟಿನ ಪ್ರಶ್ನೆ. ಗೋಡೆಗೆ ಗೋಡೆ ತಗುಲಿದ ವಠಾರದಲ್ಲಿ ಒಂದೇ ಮನೆಯ ಬಾಗಿಲಿಗೆ ಕಾಗದ ಹಿಡಿದವರು ಮತ್ತೆ ಮತ್ತೆ ಬಂದರೆ ನೆರೆಯವರಿಗೆ ಬೇರೆ ಸಾಕ್ಷಿಯೇ ಬೇಕಾಗದು. ಮನೆಯೊಡೆಯನು ಮನೆ ಬಿಡಿಸಿದರೆ ಅಳೆಯಲು ಬಂದವರೇ ಕೆಡಿಸಿದಂತಾಗುವುದು. 2018ನೆಯ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಹೆಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮವು ತಿಳಿದು ಕೊಟ್ಟ ಸಮ್ಮತಿಯಿಲ್ಲದೆ ಸೋಂಕಿನ ವಿಷಯವನ್ನು ಹೊರಗೆಡಹುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ನಾಲಗೆಯಿಂದ ಹೇಳದಿದ್ದರೂ ನಡೆಯಿಂದ ಹೇಳಿದರೆ ಆ ವಿಧಿಯ ಉದ್ದೇಶವು ಕೆಟ್ಟಂತೆಯೇ.

ಹಾಗಾದರೆ ಅಳೆಯುವುದೇ ಬೇಡವೆ? ಬೇಡವೆಂದರೆ ಬಡವರ ಹೆಸರಿನಲ್ಲಿ ವೆಚ್ಚವಾದ ಹಣಕ್ಕೆ ಉತ್ತರವಾದಿಗಳೇ ಇಲ್ಲವಾಗುವರು. ಬೀದಿಯ ಬಡಕುಟುಂಬಗಳೆಲ್ಲವನ್ನೂ ಒಂದೇ ಪ್ರಶ್ನಾವಳಿಯಿಂದ ವಿಚಾರಿಸಿ, ಸೋಂಕಿನ ಸಂಗತಿಯನ್ನು ಚಿಕಿತ್ಸಾಕೇಂದ್ರದಲ್ಲಿಯೇ ಇರಿಸಿ, ಸಮ್ಮತಿಯಿತ್ತವರ ವಿವರಗಳನ್ನು ಮಾತ್ರ ಹೆಸರಿಲ್ಲದ ಅಂಕೆಗಳಿಂದ ಅಲ್ಲಿಯೇ ಕೂಡಿಸುವುದು ಸಾಧ್ಯ. ಬಡ್ಡಿಸಾಲವು ಇಳಿಯಿತೆ, ಔಷಧವು ತಪ್ಪದೆ ನಡೆಯಿತೆ, ಮಗುವು ಶಾಲೆಯಲ್ಲಿ ಉಳಿಯಿತೆ ಎಂಬ ಮೂರು ಪ್ರಶ್ನೆಗಳನ್ನು, ನೆರವು ನಿಂತು ಎರಡು ವರ್ಷಗಳಾದ ಮೇಲೆಯೂ ಕೇಳಬೇಕು. ಇದಕ್ಕೆ ಕಾಲವೂ ತಾಳ್ಮೆಯೂ ಹೆಚ್ಚಾಗಿ ಬೇಕಾದೀತು. ಆದರೆ ಕುಟುಂಬದ ಮಾನವನ್ನು ಕಾಯದ ಫಲವಿಚಾರಣೆಯು ಎಷ್ಟು ನಿಖರವಾಗಿದ್ದರೂ ಕಾರ್ಯಕ್ರಮದ ಉದ್ದೇಶಕ್ಕೇ ವಿರೋಧವಾದುದು.